ಪಾಂಗಿಯಾ ಡೇಟಾ ಭಂಡಾರ: ಕೆಸರಿನಲ್ಲಿ ಹಳೇ ಗಾಳಿ ಹುಡುಕುವವರಿಗೆ

ಲಕ್ಷಾಂತರ ವರ್ಷಗಳ ಹಿಂದೆ ಗಾಳಿ ಎಲ್ಲಿ ಬೀಸುತ್ತಿತ್ತು ಅಂತ ತಿಳಿಯುವ ಹುಚ್ಚು ನಿಮಗಿದ್ದರೆ ಪಾಂಗಿಯಾ ಸೈಟ್ ನೋಡಿ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಮತ್ತು ಬ್ರೆಮೆನ್‌ನ ಸಾಗರ ಸಂಶೋಧನಾ ಕೇಂದ್ರ ಮಾರುಮ್ ಸೇರಿ ನಡೆಸುತ್ತಿರುವ ಭಂಡಾರ ಇದು. ಗಾಳಿ ಹೊತ್ತು ತಂದ ಧೂಳು ಸಮುದ್ರದ ತಳದ ಕೆಸರಿನಲ್ಲಿ ಉಳಿದಿರುತ್ತದೆ, ಹಳೇ ಗಾಳಿಯ ಸುಳಿವು ಅದರಲ್ಲೇ. ಆಳ ಸಮುದ್ರದ ಕೆಸರಿನಲ್ಲಿ ಅಳೆದ ಅಂಕಿಗಳು ರಾಶಿ ರಾಶಿ ಇವೆ, ಬಹುಪಾಲು ಪುಕ್ಕಟೆ. ಎಷ್ಟೋ ಪೇಪರ್ ಓದಲು ದುಡ್ಡು ಕೊಡಬೇಕು, ಅದರ ಹಿಂದಿನ ಅಂಕಿ ಮಾತ್ರ ಸುಮ್ನೆ ಸಿಗುತ್ತದೆ. ವಿಚಿತ್ರ ಅಲ್ವಾ?

ಹುಡುಕುವಾಗ ಬರೀ ಧೂಳು, ಗಾಳಿ ಅಂತ ಹಾಕಬೇಡಿ, ಬೇಡದ್ದೆಲ್ಲ ಬರುತ್ತದೆ. ಸಮುದ್ರದ ತಳ ಕೊರೆದ ಜಾಗದ ಗುರುತು ಹಾಕಿ. ಉದಾಹರಣೆಗೆ 198-1208ಎ. ಮೊದಲನೆಯದು ಕೊರೆಯುವ ಹಡಗಿನ ಯಾನದ ಸಂಖ್ಯೆ, ಆಮೇಲೆ ಜಾಗ, ಕೊನೆಯ ಅಕ್ಷರ ರಂಧ್ರದ್ದು.

ಈ 1208 ನನಗೆ ಇಷ್ಟವಾದ ಜಾಗ. ಜಪಾನಿನ ಪೂರ್ವಕ್ಕೆ, ಶಾಟ್ಸ್ಕಿ ದಿಬ್ಬದ ಮೇಲೆ, ಸುಮಾರು 3,300 ಮೀಟರ್ ನೀರಿನಡಿ, 2001ರಲ್ಲಿ ಕೊರೆದದ್ದು. ಏಷ್ಯಾದ ಮರುಭೂಮಿಗಳ ಧೂಳನ್ನು ಪಶ್ಚಿಮ ಮಾರುತಗಳು ಇಲ್ಲಿಯವರೆಗೂ ಹೊತ್ತು ತರುತ್ತವೆ. ಸಂಶೋಧಕರಾದ ಜೋರ್ಡನ್ ಏಬೆಲ್, ಗಿಸೆಲಾ ವಿಂಕ್ಲರ್ ಮತ್ತು ಜೊತೆಯವರು ಇದನ್ನು ಇನ್ನೂ ಉತ್ತರದಲ್ಲಿರುವ 885/886 ಅನ್ನುವ ಜಾಗದ ಜೊತೆ ಹೋಲಿಸಿ ನೋಡಿದರು. ಬಿಸಿಯಾಗಿದ್ದ ಪ್ಲಯೋಸೀನ್ ಅನ್ನುವ ಭೂಯುಗದಲ್ಲಿ ಆ ಗಾಳಿಯ ಪಟ್ಟಿ ಧ್ರುವದ ಕಡೆ ಸರಿದಿತ್ತು, ಬಲವೂ ಕಡಿಮೆಯಿತ್ತು, ಸುಮಾರು 27 ಲಕ್ಷ ವರ್ಷಗಳ ಹಿಂದೆ ಉತ್ತರಾರ್ಧದಲ್ಲಿ ಹಿಮದ ಹಾಸು ಬೆಳೆದಾಗ ಅದು ದಕ್ಷಿಣಕ್ಕೆ ಇಳಿದು ಜೋರಾಯಿತು ಅಂತ 2021ರಲ್ಲಿ ಬರೆದರು.

ಇಲ್ಲೇ ಒಂದು ಎಚ್ಚರಿಕೆ. ಕೆಸರಿನಲ್ಲಿ ಧೂಳು ಶೇಕಡಾ ಎಷ್ಟು ಅನ್ನುವ ಕಾಲಂ ಸಿಕ್ಕಿತು ಅಂತ ಗ್ರಾಫ್ ಎಳೆದು ಕೂತರೆ ಕೆಟ್ಟಿರಿ. ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪು ಕಡಿಮೆ ಬಿದ್ದರೂ, ಬಿದ್ದದ್ದು ಕರಗಿದರೂ, ಧೂಳಿನ ಪಾಲು ತಾನಾಗಿ ಏರುತ್ತದೆ. ಅಲ್ಲಿ ಗಾಳಿಯ ಕೈವಾಡವೇ ಇಲ್ಲ. ಬೇಕಾದದ್ದು ಸಾವಿರ ವರ್ಷಕ್ಕೆ ಎಷ್ಟು ಧೂಳು ಬಿತ್ತು ಅನ್ನುವ ಲೆಕ್ಕ. ಅದಕ್ಕೆ ಆ ತಂಡ ಹೀಲಿಯಂನ ಹಗುರ ಬಗೆಯಾದ ಹೀಲಿಯಂ-3 ಬಳಸಿತು. ಬಾಹ್ಯಾಕಾಶದ ಪುಡಿಯಲ್ಲಿ ಬರುವ ಇದು ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೀಳುತ್ತಿರುತ್ತದೆ, ಕೆಸರು ಬೇಗ ತುಂಬಿದ ಕಡೆ ತೆಳುವಾಗುತ್ತದೆ. ಎಂಥಾ ಗಡಿಯಾರ ನೋಡಿ!

ವಯಸ್ಸಿನ ಕಾಲಂ ಕೂಡ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ವಯಸ್ಸು ನೇರ ಅಳತೆ ಅಲ್ಲ, ಒಬ್ಬರು ಹಾಕಿದ ಲೆಕ್ಕ. ಒಂದೇ ರಂಧ್ರದ ಎರಡು ಫೈಲ್‌ಗಳಲ್ಲಿ ಬೇರೆ ಬೇರೆ ಇರಬಹುದು, ಹಾಗಾಗಿ ಆಳ ಹಿಡಿದು ಹೊಂದಿಸಿ. ಆಳದಲ್ಲೂ ಎರಡು ಬಗೆ: ಆ ರಂಧ್ರದ್ದು ಒಂದು, ಅಕ್ಕಪಕ್ಕದ ರಂಧ್ರಗಳನ್ನು ಜೋಡಿಸಿ ಮಾಡಿದ್ದು ಇನ್ನೊಂದು. ಬೆರೆಸಿದರೆ ಗಾಳಿ ಸುಳ್ಳುಸುಳ್ಳೇ ಅತ್ತಿತ್ತ ಸರಿಯುತ್ತದೆ.

ನಮ್ಮ ಕಡೆಯದು ಬೇಕೆಂದರೆ 117-722ಬಿ. ಒಮಾನ್ ಆಚೆ ಓವೆನ್ ದಿಬ್ಬ, ನೀರು ಸುಮಾರು 2,000 ಮೀಟರ್, ಕೊರೆದದ್ದು 1987ರಲ್ಲಿ. ಪಶ್ಚಿಮ ಘಟ್ಟಕ್ಕೆ ಮುಂಗಾರು ತರುವ ಗಾಳಿ ಇದೇ ಸಮುದ್ರದ ಮೇಲೆ ಹಾದು ಬರುತ್ತದೆ. ಇಲ್ಲಿ ಧೂಳೊಂದೇ ಸಾಲದು. ಧೂಳು ಜಾಸ್ತಿ ಅಂದರೆ ಗಾಳಿ ಜೋರಿತ್ತು ಅಂತಲೂ ಇರಬಹುದು, ಅರೇಬಿಯಾ ಒಣಗಿತ್ತು ಅಂತಲೂ ಇರಬಹುದು. ಕಣಗಳ ಗಾತ್ರ ನೋಡಿ, ಜೋರು ಗಾಳಿ ದಪ್ಪ ಕಣಗಳನ್ನೂ ತರುತ್ತದೆ. ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಅನ್ನುವ ಚಿಪ್ಪಿನ ಸೂಕ್ಷ್ಮಜೀವಿಯ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಗಾಳಿ ತಣ್ಣನೆ ನೀರನ್ನು ಮೇಲಕ್ಕೆಳೆದಾಗ ಹೆಚ್ಚುವ ಜೀವಿ ಅದು.

5ಕ್ಕೆ 4 ಕೊಡುತ್ತೇನೆ. ಹೊಸಬರಿಗೆ ಕಷ್ಟ, ಎಲ್ಲ ಇಂಗ್ಲಿಷ್, ಕಾಲಂ ಹೆಸರುಗಳೂ ಗಂಟುಗಂಟು. ಆದರೆ ಪ್ರತಿ ಫೈಲ್‌ನಲ್ಲೂ ಯಾರು ಅಳೆದರು, ಯಾವ ಜಾಗ ಅನ್ನುವುದು ಇರುತ್ತದೆ. ಪೈಥಾನ್, ಆರ್ ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಿಗೂ ಪ್ಯಾಕೇಜ್ ಇವೆ. ಎಕ್ಸೆಲ್‌ನಲ್ಲೇ ತೆರೆಯುತ್ತೀರಾದರೆ ಟ್ಯಾಬ್ ಇರುವ ಟೆಕ್ಸ್ಟ್ ಫೈಲ್ ಇಳಿಸಿಕೊಳ್ಳಿ. ಮೇಲಿನ ಉದ್ದನೆಯ ವಿವರವನ್ನು ಅಳಿಸುವ ಮುಂಚೆ ಒಮ್ಮೆ ಓದಿ, ಆಳ ಯಾವ ಬಗೆಯದು ಅಂತ ಅಲ್ಲೇ ಹುಡುಕಬೇಕು.