ಪೈಥಾನ್ ಅಸಿಂಕ್‌ಐಓ: ವೇಗಕ್ಕೆ ಸೈ, ಎರರ್ ಹುಡುಕೋಕೆ ತಾಳ್ಮೆ ಬೇಕು

ಪೈಥಾನ್ 3.7ರ ಕಾಲದಿಂದ ಅಸಿಂಕ್‌ಐಓ (ಒಂದು ಕೆಲಸ ಕಾಯ್ತಿರುವಾಗ ಇನ್ನೊಂದನ್ನ ಓಡಿಸೋ ಪೈಥಾನ್ ಲೈಬ್ರರಿ) ನಂಬಿಕೊಂಡೇ ಕೆಲಸ ಮಾಡ್ತಿದ್ದೀನಿ. ಒಂದೇ ಥ್ರೆಡ್‌ನಲ್ಲಿ ಸಾವಿರಾರು ಕನೆಕ್ಷನ್ ಸಲೀಸಾಗಿ ನಿಭಾಯಿಸುತ್ತೆ, ಅದರಲ್ಲಿ ಎರಡು ಮಾತಿಲ್ಲ. ತಕರಾರಿರೋದು ಏನಾದ್ರೂ ಕೆಟ್ಟಾಗ ಅದು ನಮಗೆ ತಿಳಿಸೋ ರೀತಿ ಬಗ್ಗೆ.

ಎಲ್ಲಕ್ಕಿಂತ ತಲೆ ತಿನ್ನೋದು 'ಟಾಸ್ಕ್ ಎಕ್ಸೆಪ್ಶನ್ ವಾಸ್ ನೆವರ್ ರಿಟ್ರೀವ್ಡ್' (ಟಾಸ್ಕ್‌ನ ಎರರನ್ನ ಯಾರೂ ಕೇಳಲೇ ಇಲ್ಲ) ಅನ್ನೋ ಸಾಲು. ಟಾಸ್ಕ್ (ಅಸಿಂಕ್‌ಐಓ ಓಡಿಸೋ ಒಂದೊಂದು ಕೆಲಸ) ಶುರು ಮಾಡಿ ಅವೇಟ್ ಮಾಡದೆ, ಅಂದ್ರೆ ಅದರ ಫಲಿತಾಂಶಕ್ಕೆ ಕಾಯದೆ, ಬಿಟ್ಟಿದ್ದೀರಿ ಅಂದ್ಕೊಳ್ಳಿ. ಒಳಗೆ ಕೀಎರರ್ ಬಂದ್ರೂ ಪ್ರೋಗ್ರಾಂ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಓಡ್ತಿರುತ್ತೆ. ಎರರ್ ಆ ಟಾಸ್ಕ್ ಆಬ್ಜೆಕ್ಟ್ ಒಳಗೇ ಕೂತಿರುತ್ತೆ. ಆಬ್ಜೆಕ್ಟ್ ಗಾರ್ಬೇಜ್ ಕಲೆಕ್ಟ್ ಆದಾಗಲೇ (ಯಾರಿಗೂ ಬೇಡದ್ದು ಅಂತ ಪೈಥಾನ್ ಅದನ್ನ ಮೆಮೊರಿಯಿಂದ ತೆಗೆದಾಗ) ಈ ಸಾಲು ಲಾಗ್‌ಗೆ ಬೀಳೋದು. ಟಾಸ್ಕನ್ನ ಯಾವುದೋ ಲಿಸ್ಟ್‌ನಲ್ಲಿ ಹಿಡಿದಿಟ್ಟಿದ್ರೆ ಆ ಲಿಸ್ಟ್ ಹೋಗೋ ತನಕ ಸುದ್ದಿಯೇ ಇಲ್ಲ. ಹಾಗಂತ ಹಿಡಿದಿಡದೆ ಇರೋ ಹಾಗೂ ಇಲ್ಲ: ಟಾಸ್ಕ್‌ಗಳನ್ನ ಸರದಿ ಪ್ರಕಾರ ಓಡಿಸೋ ಇವೆಂಟ್ ಲೂಪ್ ಇಟ್ಟುಕೊಳ್ಳೋದು ವೀಕ್ ರೆಫರೆನ್ಸ್ (ಆಬ್ಜೆಕ್ಟ್ ಅಳಿಯದಂತೆ ತಡೆಯದ ಸಡಿಲ ಹಿಡಿತ) ಮಾತ್ರ, ಕೆಲಸದ ನಡುವೆಯೇ ಟಾಸ್ಕ್ ಮಾಯವಾಗಬಹುದು. ಅತ್ತ ದರಿ, ಇತ್ತ ಪುಲಿ.

ಹಲವು ಟಾಸ್ಕ್‌ಗಳಿಗೆ ಒಟ್ಟಿಗೆ ಕಾಯೋ ಗ್ಯಾದರ್ ಫಂಕ್ಷನ್ ಇದಕ್ಕಿಂತ ಕಿಲಾಡಿ. ಮೊದಲ ಎರರ್ ಕೈಗೆ ಕೊಟ್ಟು, ಉಳಿದ ಟಾಸ್ಕ್‌ಗಳನ್ನ ಓಡೋಕೆ ಬಿಡುತ್ತೆ. ಆಮೇಲೆ ಅವುಗಳಲ್ಲಿ ಇನ್ನೊಂದು ಬಿದ್ರೆ ಲಾಗ್‌ನಲ್ಲೂ ಏನೂ ಕಾಣಲ್ಲ.

ಡೀಬಗ್ ಮೋಡ್ ಇದೆ, ಬಳಸೋರು ಕಡಿಮೆ. ಪೈಥಾನ್‌ಅಸಿಂಕ್‌ಐಓಡೀಬಗ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಟ್ರೆ, ಬಿದ್ದ ಟಾಸ್ಕನ್ನ ಯಾವ ಸಾಲು ಹುಟ್ಟಿಸಿತ್ತು ಅಂತಲೂ ತೋರಿಸುತ್ತೆ. ಮಾಮೂಲಿ ಟ್ರೇಸ್‌ಬ್ಯಾಕ್‌ನಲ್ಲಿ (ಎರರ್ ಎಲ್ಲಿಂದ ಬಂತು ಅಂತ ತೋರಿಸೋ ಪಟ್ಟಿ) ಇರದ ಮಾಹಿತಿಯೇ ಅದು. 100 ಮಿಲಿಸೆಕೆಂಡ್‌ಗಿಂತ ಹೆಚ್ಚು ಲೂಪ್ ತಡೆದು ನಿಲ್ಲಿಸಿದ ಕಾಲ್‌ಬ್ಯಾಕ್‌ಗಳ (ಲೂಪ್ ಕರೆಯೋ ಫಂಕ್ಷನ್‌ಗಳು) ಹೆಸರೂ ಸಿಗುತ್ತೆ. ನಿಧಾನ ಆಗೋದ್ರಿಂದ ಪ್ರೊಡಕ್ಷನ್‌ಗೆ ಬೇಡ.

2022ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.11 ನನ್ನ ಅರ್ಧ ತಲೆನೋವು ಇಳಿಸಿತು. ಅದರಲ್ಲಿ ಬಂದ ಟಾಸ್ಕ್‌ಗ್ರೂಪ್‌ನಲ್ಲಿ ಒಂದು ಟಾಸ್ಕ್ ಬಿದ್ರೆ ಉಳಿದವು ಕ್ಯಾನ್ಸಲ್ ಆಗಿ, ಎಲ್ಲ ಮುಗಿದ ಮೇಲೆ ಬಂದ ಎರರ್‌ಗಳೆಲ್ಲ ಒಂದೇ ಎಕ್ಸೆಪ್ಶನ್‌ಗ್ರೂಪ್ ಆಗಿ ಕೈಗೆ ಸಿಗುತ್ತವೆ. ಗ್ರೂಪ್ ಒಳಗೊಂದು ಗ್ರೂಪ್ ಇದ್ರೆ ಟ್ರೇಸ್‌ಬ್ಯಾಕ್ ಬಲಕ್ಕೆ ಸರಿತಾ ಸ್ಕ್ರೀನ್ ದಾಟುತ್ತೆ. ಕೆಳಗಿಂದ ಓದೋ ಹಳೇ ಅಭ್ಯಾಸ ಇಲ್ಲಿ ನಡೆಯಲ್ಲ. ಆದ್ರೂ ಎರರ್ ಕಾಣೆಯಾಗೋದಕ್ಕಿಂತ ಇದೇ ವಾಸಿ.

3.11 ಅಥವಾ ಹೊಸದಾದ್ರೆ 5ಕ್ಕೆ 4, ಹಳೇದಾದ್ರೆ 2 ಕೊಡ್ತೀನಿ. 3.14ರಲ್ಲಿ ಓಡ್ತಿರೋ ಪ್ರೋಸೆಸ್‌ನ ಪಿಐಡಿ (ಅದರ ಗುರುತಿನ ಸಂಖ್ಯೆ) ಕೊಟ್ರೆ ಯಾವ ಟಾಸ್ಕ್ ಯಾವುದಕ್ಕೆ ಕಾಯ್ತಿದೆ ಅಂತ ತೋರಿಸೋ ಪಿಎಸ್‌ಟ್ರೀ ಕಮಾಂಡ್ ಬಂದಿದೆ. ನಮ್ಮ ಸರ್ವರ್ ಇನ್ನೂ 3.12, ಹಾಗಾಗಿ ಸದ್ಯಕ್ಕೆ ಆ ಸುಖ ಲ್ಯಾಪ್‌ಟಾಪ್‌ನಲ್ಲಷ್ಟೇ.