ಕೊಡಗಿನ ತೋಟದ ದಾರಿಗೆ ಹಗುರವಾದ ಬೈಕು: ಎಕ್ಸ್‌ಪಲ್ಸ್ 200 4ವಿ ಬಗ್ಗೆ ನನ್ನ ಅಭಿಪ್ರಾಯ

ಕಳೆದ ವರ್ಷ ಮಳೆ ಜೋರಾಗಿರುವ ಕಕ್ಕಡ ತಿಂಗಳಿನಲ್ಲಿ (ಜುಲೈ-ಆಗಸ್ಟ್), ನಾಪೋಕ್ಲಿನಿಂದ ಆಚೆ ಬಂಧುಗಳ ತೋಟಕ್ಕೆ ಇಳಿಯುವ ಓಣಿಯಲ್ಲಿ ನನ್ನ ಹಳೆಯ ಅಡ್ವೆಂಚರ್ ಬೈಕು ಮಗುಚಿಕೊಂಡಿತು. ವೇಗವೇನೂ ಇರಲಿಲ್ಲ. ಮೊದಲನೇ ಗೇರಿನಲ್ಲಿ, ನಡೆದು ಹೋಗುವವರಷ್ಟೇ ನಿಧಾನವಾಗಿ ಬರುತ್ತಿದ್ದಾಗ ಪಾಚಿ ಹಿಡಿದ ಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿತು. ಊರಲೆಂದು ಚಾಚಿದ ಕಾಲಿಗೆ ನೆಲ ಸಿಗಲಿಲ್ಲ. ಗಾಡಿ ಇಳಿಜಾರಿನ ಕಡೆಗೆ ವಾಲಿ ಮಲಗಿಬಿಟ್ಟಿತು. ನನಗೆ ಪೆಟ್ಟಾಗಲಿಲ್ಲ. ಆದರೆ ಸುಮಾರು 200 ಕಿಲೋ ತೂಕದ ಆ ಗಾಡಿಯನ್ನು ಕೆಸರಿನಲ್ಲಿ ಒಬ್ಬನೇ ಎತ್ತಲು ಮುಕ್ಕಾಲು ಗಂಟೆ ಹೆಣಗಿದೆ. ಬೂಟಿನೊಳಗೆ ಜಿಗಣೆ ಸೇರಿತು, ಸೊಂಟ ಹಿಡಿದುಕೊಂಡಿತು, ಕೊನೆಗೆ ತೋಟದ ಕೆಲಸಗಾರರ ಲೈನ್ ಮನೆಯಿಂದ ಇಬ್ಬರು ಕೆಲಸದವರು ಬಂದು ಕೈ ಕೊಟ್ಟ ಮೇಲೆಯೇ ಅದು ನೆಟ್ಟಗೆ ನಿಂತದ್ದು. ಅವರಲ್ಲಿ ಹಿರಿಯರು ಹ್ಯಾಂಡಲ್ ಒರೆಸುತ್ತಾ, "ಅಣ್ಣಾ, ಈ ದಾರಿಗೆ ಇಷ್ಟು ಭಾರದ ಗಾಡಿ ಯಾಕೆ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಸ್ಪರ್ಧೆಗೆ ಓಡಿಸುವವನಲ್ಲ. ಭಾನುವಾರ ಬೆಳಿಗ್ಗೆ ಎರಡು ಮೂರು ಗಂಟೆಗಳ ಕಾಲ ಪರಿಚಯದವರ ತೋಟದ ದಾರಿ, ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಮೀನಿನ) ಅಂಚು, ಹೊಳೆ ದಾಟುವ ಜಾಗ, ಅಪರೂಪಕ್ಕೊಮ್ಮೆ ಜೀಪುಗಳು ಗುಂಡಿ ತೋಡಿಟ್ಟ ಬೆಟ್ಟದ ರಸ್ತೆ, ಇಷ್ಟೇ ನನ್ನ ಸಂಚಾರ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಜೀವಿಧಾಮಗಳೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಕಾನೂನಿನ ಪ್ರಕಾರ ಅಪರಾಧ. ದೇವರಕಾಡಿನ ಕಡೆಗಂತೂ ನಾನು ಗಾಡಿ ತಿರುಗಿಸುವುದೇ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಮಕ್ಕಂದೂರು, ಹಟ್ಟಿಹೊಳೆಯ ಕಡೆ ಮಳೆಗಾಲದಲ್ಲಿ ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಪಕ್ಕದ ದಾರಿಗಳನ್ನೂ ಬಿಟ್ಟಿದ್ದೇನೆ. ಹೀಗೆ ಉಳಿದ ದಾರಿಗಳಲ್ಲಿ ಗಂಟೆಗೆ 30 ಕಿಲೋಮೀಟರು ದಾಟುವುದೇ ಅಪರೂಪ. ಅಲ್ಲಿ ಬೇಕಾಗುವುದು ಬಿದ್ದರೆ ಒಬ್ಬರೇ ಎತ್ತಬಹುದಾದ ತೂಕ, ಕಾಲೂರಲು ಸಿಗುವ ನೆಲ, ಮತ್ತು ಕಡಿಮೆ ವೇಗದಲ್ಲಿ ಹೇಳಿದ ಮಾತು ಕೇಳುವ ಎಂಜಿನ್. ಕುದುರೆಶಕ್ತಿಯ ಲೆಕ್ಕ ಇವೆಲ್ಲದರ ನಂತರ ಬರುತ್ತದೆ.

ಎರಡು ತಿಂಗಳು ಹುಡುಕಿ, ಗೆಳೆಯರ ಗಾಡಿಗಳನ್ನು ಬೇಡಿ ಓಡಿಸಿ, ಕೊನೆಗೆ ಮೂರು ವರ್ಷ ಹಳೆಯದಾದ ಹೀರೋ ಎಕ್ಸ್‌ಪಲ್ಸ್ 200 4ವಿ ಕೊಂಡೆ. 2019ರಲ್ಲಿ ಬಂದ ಮೊದಲ ಎಕ್ಸ್‌ಪಲ್ಸ್ 200ಕ್ಕೆ ನಾಲ್ಕು ವಾಲ್ವಿನ ಎಂಜಿನ್ ಕೂರಿಸಿ 2021ರಲ್ಲಿ ಹೊರತಂದ ಮಾದರಿ ಇದು. ಪೆಟ್ರೋಲು, ಆಯಿಲು ಎಲ್ಲ ಸೇರಿ ಇದರ ತೂಕ ಸುಮಾರು 159 ಕಿಲೋ. ಅದೇ ಲೆಕ್ಕದಲ್ಲಿ ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450 ತೂಗುವುದು 196 ಕಿಲೋ. ನಡುವಿನ ವ್ಯತ್ಯಾಸ 37 ಕಿಲೋ, ಅಂದರೆ ನಮ್ಮ 50 ಕಿಲೋ ಕಾಫಿ ಚೀಲದ ಮುಕ್ಕಾಲು ಭಾಗ. ಕಣದಿಂದ ಗೋದಾಮಿಗೆ ಒಂದು ದಿನವಾದರೂ ಚೀಲ ಹೊತ್ತವರಿಗೆ ಈ 37 ಕಿಲೋ ಎಂದರೇನೆಂದು ವಿವರಿಸಬೇಕಾಗಿಲ್ಲ. ಹಿಮಾಲಯನ್ ತನ್ನ ಕೆಲಸಕ್ಕೆ ಒಳ್ಳೆಯ ಗಾಡಿಯೇ. ಮೈಸೂರು ದಾಟಿ ದೂರದ ಪ್ರವಾಸ ಹೋಗುವವರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಲಿ. ನನ್ನ ಓಣಿಗೆ ಮಾತ್ರ ಅದು ಭಾರ.

ತೂಕದ ಜೊತೆಗೆ ಅದು ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ. ಎಕ್ಸ್‌ಪಲ್ಸಿನ 13 ಲೀಟರ್ ಟ್ಯಾಂಕು ತುಂಬಿದರೆ ಹತ್ತಿರ ಹತ್ತಿರ 10 ಕಿಲೋ ಪೆಟ್ರೋಲು ಗಾಡಿಯ ನೆತ್ತಿಯ ಮೇಲೆ ಕೂರುತ್ತದೆ. ಭಾನುವಾರದ ತಿರುಗಾಟಕ್ಕೆ ಅರ್ಧ ಟ್ಯಾಂಕು ಧಾರಾಳವಾಗಿ ಸಾಕು, ಮತ್ತು ಕಡಿದಾದ ತಿರುವಿನಲ್ಲಿ ಆ ಹಗುರತನ ಕೈಗೆ ಗೊತ್ತಾಗುತ್ತದೆ.

ಸೀಟಿನ ಎತ್ತರ 825 ಮಿಲಿಮೀಟರು. ನಾನು 5 ಅಡಿ 6 ಅಂಗುಲ ಇದ್ದೇನೆ. ಸೀಟು ಕಿರಿದಾಗಿರುವುದರಿಂದಲೂ, ಕುಳಿತಾಗ ಸಸ್ಪೆನ್ಷನ್ ಒಂದಿಷ್ಟು ತಗ್ಗುವುದರಿಂದಲೂ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗುತ್ತದೆ. ಇದೇ ಗಾಡಿಯ ಪ್ರೊ ಮಾದರಿಯಲ್ಲಿ ಸಸ್ಪೆನ್ಷನ್ ಉದ್ದ, ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) 220ರ ಬದಲು 270 ಮಿಲಿಮೀಟರು, ಸೀಟಿನ ಎತ್ತರ 891. ಮಾರಾಟ ಮಾಡುವವರೊಬ್ಬರು ನನಗೆ ಅದನ್ನೇ ಒತ್ತಾಯಿಸಿ, "ಎರಡೇ ದಿನದಲ್ಲಿ ಅಭ್ಯಾಸವಾಗುತ್ತದೆ ಸಾರ್" ಎಂದಿದ್ದರು. ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಿಂತು ಹೇಳುವ ಮಾತು ಅದು. ಬೆಟ್ಟದ ದಾರಿಯಲ್ಲಿ ಗಾಡಿ ನಿಂತ ಕಡೆ ಒಂದು ಪಾದದ ಕೆಳಗೆ ಕಲ್ಲಿದ್ದರೆ ಇನ್ನೊಂದರ ಕೆಳಗೆ ಹಳ್ಳವಿರುತ್ತದೆ. ನಮ್ಮ ತಂಗಿಯ ಮಗಳು 5 ಅಡಿ 2 ಅಂಗುಲ ಇದ್ದಾಳೆ. ಸಾಮಾನ್ಯ ಮಾದರಿಯ ಮೇಲೆ ಕುಳಿತೇ, "ಮಾವ, ಒಂದೇ ಕಾಲು ಸಿಗ್ತಿದೆ" ಎಂದಳು. ಅವಳಷ್ಟು ಎತ್ತರದವರು ಹಿಂದಿನ ಸಸ್ಪೆನ್ಷನ್ನಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿತ) ಸಡಿಲಿಸಿಕೊಂಡು, ಸೀಟಿನ ಫೋಮ್ ಸ್ವಲ್ಪ ಕೊಯ್ಯಿಸಿಕೊಂಡರೆ ಅನುಕೂಲ. ಅವಳು ಈಗ ಹಾಗೆಯೇ ಓಡಿಸುತ್ತಿದ್ದಾಳೆ.

ಎಂಜಿನ್ ವಿಷಯದಲ್ಲಿ ಹೊಗಳಿಕೆಯೂ ಇದೆ, ಆಕ್ಷೇಪವೂ ಇದೆ. 199.6 ಸಿಸಿ, 19 ಕುದುರೆಶಕ್ತಿಗೆ ಹತ್ತಿರ, 17.35 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಆ ಟಾರ್ಕ್ ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 6500 ಸುತ್ತು ತಿರುಗುವಾಗ. ಆದ್ದರಿಂದ ಕಡಿದಾದ ಏರಿನಲ್ಲಿ ಎಂಜಿನ್ ತಾನಾಗಿಯೇ ಎಳೆದುಕೊಂಡು ಹೋಗಲಿ ಎಂದು ಬಿಟ್ಟರೆ ಮುಗ್ಗರಿಸುತ್ತದೆ. ಕ್ಲಚ್ಚನ್ನು ಎರಡು ಬೆರಳಿನಲ್ಲಿ ಅರ್ಧ ಹಿಡಿದು, ಆಕ್ಸಿಲರೇಟರ್ ಸ್ವಲ್ಪ ಎತ್ತರಿಸಿಕೊಂಡೇ ಹತ್ತಬೇಕು. ಆದರೆ ಇದೇ ಗುಣ ಕಲಿಯುವವರಿಗೆ ವರವೂ ಹೌದು. ಒದ್ದೆ ಮಣ್ಣಿನ ಮೇಲೆ ಕೈ ತಪ್ಪಿ ಆಕ್ಸಿಲರೇಟರ್ ಜಾಸ್ತಿ ತಿರುವಿದರೂ ಹಿಂದಿನ ಚಕ್ರ ಒಮ್ಮೆಲೇ ಬೀಸಿಕೊಂಡು ಹೋಗುವುದಿಲ್ಲ. ಹೆದ್ದಾರಿಯಲ್ಲಿ 80 ದಾಟಿದ ಮೇಲೆ ಎಂಜಿನ್ ದಣಿಯುವುದು ಕಿವಿಗೆ ಕೇಳಿಸುತ್ತದೆ. ತಿಂಗಳಿಗೆರಡು ಬಾರಿ ಬೆಂಗಳೂರಿಗೆ ಇದರಲ್ಲೇ ಹೋಗಿ ಬರುವ ಯೋಚನೆಯುಳ್ಳವರು ಬೇರೆ ಗಾಡಿ ನೋಡುವುದು ಒಳಿತು.

ಮುಂದಿನ ಚಕ್ರ 21 ಇಂಚು, ಹಿಂದಿನದು 18. ದೊಡ್ಡ ಚಕ್ರ ಬೇರು, ಕಲ್ಲುಗಳಿಗೆ ಢಿಕ್ಕಿ ಹೊಡೆಯುವ ಬದಲು ಅವುಗಳನ್ನು ಹತ್ತಿ ಇಳಿಯುತ್ತದೆ. ಸಿಲ್ವರ್ ಮರದ ಬೇರುಗಳು ಅಡ್ಡಡ್ಡ ಹಾಯ್ದ ನಮ್ಮ ದಾರಿಗಳಲ್ಲಿ ಇದರ ಬೆಲೆ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಕೊರತೆಯೆಂದು ಕೆಲವರು ಹೇಳುವ ಈ ಅಂಶ ಮಣ್ಣಿನ ಇಳಿಜಾರಿನಲ್ಲಿ ಅನುಕೂಲವೇ ಆಗುತ್ತದೆ, ಏಕೆಂದರೆ ಹಿಂದಿನ ಚಕ್ರವನ್ನು ಬೇಕಾದಷ್ಟು ಲಾಕ್ ಮಾಡಿ, ಜಾರಿಸಿಕೊಂಡು ಇಳಿಯಬಹುದು. ಗಾಡಿಯ ಜೊತೆ ಬರುವ ಟೈರುಗಳು ಬೇಸಿಗೆಗೆ ಸಾಕು. ಮಳೆಗಾಲದ ಜೇಡಿಯಲ್ಲಿ ಅವುಗಳ ಸಂದುಗಳಲ್ಲಿ ಮಣ್ಣು ತುಂಬಿ ಟೈರು ನುಣ್ಣಗಾಗಿಬಿಡುತ್ತದೆ. ಬಟನ್ (ಮೇಲ್ಮೈಯ ರಬ್ಬರ್ ಉಬ್ಬು) ದೊಡ್ಡದಿರುವ ಟೈರು ಹಾಕಿಸಿದ ಮೇಲೆ ನನಗೆ ಧೈರ್ಯ ಬಂತು. ಸ್ಪೋಕ್ ಚಕ್ರವಾದ್ದರಿಂದ ಒಳಗೆ ಟ್ಯೂಬಿದೆ. ಮಣ್ಣಿಗೆಂದು ಗಾಳಿ ತೀರಾ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಒಡೆಯುತ್ತದೆ. ಹೀಗಾಗಿ ಬಿಡಿ ಟ್ಯೂಬು, ಟೈರು ಬಿಚ್ಚುವ ಲಿವರು, ಸಣ್ಣ ಪಂಪು ನನ್ನ ಚೀಲದಲ್ಲಿ ಸದಾ ಇರುತ್ತವೆ.

ಕವಾಸಕಿಯ ಕೆಎಲ್‌ಎಕ್ಸ್ 230 ಇನ್ನೂ ಹಗುರ. 2024ರ ಕೊನೆಗೆ ಇಲ್ಲಿಗೆ ಬಂದ ಮಾದರಿಯ ತೂಕ 139 ಕಿಲೋ ಮಾತ್ರ. ಗೆಳೆಯರೊಬ್ಬರ ಗಾಡಿಯನ್ನು ಅರ್ಧ ದಿನ ಓಡಿಸಿದೆ. ನಿಂತು ಓಡಿಸುವಾಗ ಸೈಕಲ್ಲಿನಂತೆ ಕಾಲುಗಳ ನಡುವೆ ತಿರುಗುತ್ತದೆ. ಆದರೆ ಸೀಟು 880 ಮಿಲಿಮೀಟರು ಎತ್ತರ, ಟ್ಯಾಂಕು ಎಂಟು ಲೀಟರಿಗಿಂತ ಕಡಿಮೆ. ನನಗಿಂತ ನಾಲ್ಕು ಅಂಗುಲ ಎತ್ತರದವರಾದರೆ, ಮನೆಯ ಹತ್ತಿರವೇ ಪೆಟ್ರೋಲ್ ಬಂಕ್ ಇದ್ದರೆ, ಅದನ್ನು ಖಂಡಿತ ನೋಡಬೇಕು.

ಹಳೆಯ ಗಾಡಿ ಕೊಳ್ಳುವವರಿಗೆ ಒಂದೆರಡು ಮಾತು. ಮಣ್ಣಿನಲ್ಲಿ ಓಡಿದ ಗಾಡಿಯ ಕಥೆಯನ್ನು ಮೀಟರು ಹೇಳುವುದಿಲ್ಲ. ಎಂಜಿನ್ ಕೆಳಗಿನ ತಗಡು ಎಷ್ಟು ನಜ್ಜುಗುಜ್ಜಾಗಿದೆ ನೋಡಿ. ಮುಂದಿನ ಫೋರ್ಕಿನ ಸೀಲಿನ ಸುತ್ತ ಎಣ್ಣೆಯ ಪಸೆ ಇದೆಯೇ ಎಂದು ಬೆರಳಿನಿಂದ ಒರೆಸಿ ನೋಡಿ. ಮುಂದಿನ ಚಕ್ರವನ್ನು ಎತ್ತಿ ಹ್ಯಾಂಡಲನ್ನು ನಿಧಾನವಾಗಿ ಆಚೀಚೆ ತಿರುಗಿಸಿ. ನಡುವೆ ಎಲ್ಲಾದರೂ ಕಚ್ಚಿದಂತಾದರೆ ಬೇರಿಂಗ್ ಹೋಗಿದೆ ಎಂದರ್ಥ. ಚಕ್ರ ತಿರುಗಿಸಿ ರಿಮ್ ಅಲುಗುತ್ತದೆಯೇ ಗಮನಿಸಿ.

ಇಷ್ಟೆಲ್ಲ ನೋಡಿಯಾದ ಮೇಲೆ ನಾನು ಮಾರುವವರ ಅಪ್ಪಣೆ ಕೇಳಿ, ಅವರ ಕಣದ ಪಕ್ಕದ ಹುಲ್ಲಿನ ಇಳಿಜಾರಿನಲ್ಲಿ ಗಾಡಿಯನ್ನು ಮೆಲ್ಲನೆ ಮಲಗಿಸಿದೆ. ಅವರಿಗೆ ಆಶ್ಚರ್ಯವಾಯಿತು, ಆದರೆ ತಡೆಯಲಿಲ್ಲ. ಮೊದಲು ಚಕ್ರಗಳು ಇಳಿಜಾರಿನ ಕಡೆ ಬರುವಂತೆ ಗಾಡಿಯನ್ನು ನೆಲದ ಮೇಲೆಯೇ ತಿರುಗಿಸಿದೆ, ಎದ್ದ ಮೇಲೆ ಉರುಳದಂತೆ ಗೇರಿಗೆ ಹಾಕಿದೆ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತೆ, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಹಿಂದಿನ ಕಂಬಿಯನ್ನೂ ಹಿಡಿದು, ಸೊಂಟ ಬಗ್ಗಿಸದೆ ಕಾಲಿನ ಬಲದಿಂದ ಹಿಮ್ಮುಖವಾಗಿ ನಾಲ್ಕು ಹೆಜ್ಜೆ ಇಟ್ಟೆ. ಗಾಡಿ ಎದ್ದು ನಿಂತಿತು. ಇನ್ನೊಮ್ಮೆ, ಈ ಸಲ ಬಲಗಡೆಗೆ ಮಲಗಿಸಿ ಎತ್ತಿದೆ, ಆಗಲೂ ಎದ್ದಿತು. ಮುಂಗಡ ಕೊಟ್ಟದ್ದು ಅದಾದ ಮೇಲೆ.