50000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಮೊದಲು ತಕ್ಕಡಿಗೆ ಹಾಕಿ

ಶಿವಮೊಗ್ಗದಲ್ಲಿ ದೊಡ್ಡ ಪವರ್ ಬ್ಯಾಂಕ್ ಕೊಳ್ಳೋಕೆ ಹೊರಟವರು ದಯವಿಟ್ಟು ಇದನ್ನು ಓದಿ. ಡಬ್ಬಿಯ ಮೇಲೆ 50000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಇದ್ದು, ಕೈಯಲ್ಲಿ ಹಿಡಿದರೆ ಹಗುರ ಅನಿಸಿದರೆ, ಅಲ್ಲೇ ಇಟ್ಟು ಬನ್ನಿ. ಬೆಲೆ ಕೇಳಲೇಬೇಡಿ. ಕೇಳಿದರೆ ಮಾತು ಶುರುವಾಗುತ್ತದೆ. ಆ ಮಾತಿನ ಮುಂದೆ ಯಾರೂ ನಿಲ್ಲುವುದಿಲ್ಲ.

ನನ್ನ ಕೆಲಸ ಲೆಕ್ಕ ಬರೆಯೋದು. ಅಡಿಕೆ ಮಂಡಿ, ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿಯವರಿಗೆ ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಸುತ್ತುತ್ತಲೇ ಇರುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಗೊತ್ತಲ್ಲ. ಗಾಳಿ ಜೋರಾದರೆ ಸಾಕು, ಲೈನ್ ಮೇಲೆ ಮರ. ಲೈನ್‌ಮನ್‌ಗಳು ಪಾಪ ಸುರಿಯುವ ಮಳೆಯಲ್ಲೇ ಕಂಬ ಹತ್ತುತ್ತಾರೆ, ಆದರೂ ಒಂದೊಂದು ಊರಿಗೆ ಎರಡೆರಡು ದಿನ ಕತ್ತಲೆ. ತಿಂಗಳ 20ನೇ ತಾರೀಕು ಮಾತ್ರ ಮಳೆ ಅಂತ ಕಾಯುವುದಿಲ್ಲ. 3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನ್ ಅವತ್ತು ಹೋಗಲೇಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ. ಸಾಹುಕಾರರ ಬೈಗುಳ ಬೇರೆ.

ಹಾಗಾಗಿ ಲ್ಯಾಪ್‌ಟಾಪ್‌ಗೂ ಆಗುವ ಪವರ್ ಬ್ಯಾಂಕ್ ಬೇಕಿತ್ತು. ಫೋನಿಗೆ ಮಾತ್ರ ಅಲ್ಲ, ಲ್ಯಾಪ್‌ಟಾಪ್‌ಗೂ. ಇದನ್ನು ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ. ಅಂಗಡಿ ಹೆಸರು ಇಲ್ಲಿ ಬರೆಯುವುದಿಲ್ಲ. ದೊಡ್ಡ ಗಾಜಿನ ಶೋಕೇಸು, ಒಳಗೆ ಎಸಿ, ಕೌಂಟರಿನಲ್ಲಿ ನಾಲ್ಕೈದು ಹುಡುಗರು. ಫುಟ್‌ಪಾತ್ ಮಾಲು ಅಂತ ಯಾರೂ ಅನುಮಾನ ಪಡುವ ಹಾಗಿಲ್ಲ.

"ಅಣ್ಣಾ, ನಿಮ್ ಕೆಲಸಕ್ಕೆ ಇದೇ ಕರೆಕ್ಟು" ಅಂತ ಹುಡುಗ ಒಂದು ಕಪ್ಪು ಡಬ್ಬಿ ತೆಗೆದ. ಎಂಆರ್‌ಪಿ 5,999, ನನಗೆ 1,899ಕ್ಕೆ. ಲ್ಯಾಪ್‌ಟಾಪ್ ಆಗುತ್ತಾ ಅಂದೆ. "ಎರಡು ಸಲ ಫುಲ್ ಆಗುತ್ತೆ ಅಣ್ಣಾ" ಅಂದ. ನನ್ನ ಲ್ಯಾಪ್‌ಟಾಪನ್ನೇ ತೆಗೆಸಿ, ಕೇಬಲ್ ಚುಚ್ಚಿ, ಪರದೆಯ ಮೂಲೆ ತೋರಿಸಿದ. ಪ್ಲಗ್ ಗುರುತು ಬಂತು. "ನೋಡಿ, ಬಂತಲ್ಲ" ಅಂದ, ಅಂದವನೇ ಕೇಬಲ್ ಎಳೆದುಬಿಟ್ಟ. ಆ ಎಳೆದ ಜೋರು ಈಗ ನೆನಪಾದರೆ ಮೈ ಉರಿಯುತ್ತದೆ. ಇನ್ನು ಐದು ನಿಮಿಷ ಬಿಟ್ಟಿದ್ದರೆ ಬಣ್ಣ ಬಯಲಾಗುತ್ತಿತ್ತು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ವಿಮಾನದಲ್ಲಿ ಒಯ್ಯಬಹುದಾ ಅಂತಲೂ ಕೇಳಿದೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಮೇಲೆ ನಮ್ಮವರೂ ಆಗಾಗ ಹತ್ತುತ್ತಾರಲ್ಲ. "ಆರಾಮಾಗಿ ಅಣ್ಣಾ, ಎಷ್ಟೋ ಜನ ಇದನ್ನೇ ತಗೊಂಡ್ ಹೋಗಿದಾರೆ" ಅಂದ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಬಿಲ್ ಕೇಳಿದೆ. ಪ್ರಿಂಟರ್ ಕೆಟ್ಟಿದೆ, ವಾಟ್ಸಾಪ್‌ಗೆ ಹಾಕ್ತೀವಿ ಅಂದರು. ಸಂಜೆ ಬಂದದ್ದು ಒಂದು ಚೀಟಿಯ ಫೋಟೋ. ಮೇಲೆ "ಎಸ್ಟಿಮೇಟ್" ಅಂತ ಬರೆದಿತ್ತು. ಜಿಎಸ್‌ಟಿ ನಂಬರ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ದಿನಾ ಬಿಲ್ಲು ನೋಡಿ ಅನ್ನ ತಿನ್ನುವವನಿಗೆ ಎಸ್ಟಿಮೇಟ್ ಚೀಟಿ! ಸರಿಯಾದ ಬಿಲ್ ಕಳಿಸಿ ಅಂತ ಮೆಸೇಜ್ ಹಾಕಿದೆ. "ಓಕೆ ಸರ್" ಅಂತ ಬಂತು. ಅಷ್ಟೇ.

ಆಮೇಲೆ ಜುಲೈ 20. ತೀರ್ಥಹಳ್ಳಿ ಹತ್ತಿರದ ಒಂದು ಮಂಡಿಯಲ್ಲಿ ಕೂತಿದ್ದೆ. ಮಧ್ಯಾಹ್ನದಿಂದ ಕರೆಂಟಿಲ್ಲ. ಇವತ್ತಿಗೆ ಅಂತಲೇ ತಗೊಂಡಿದ್ದು ಅಲ್ವಾ ಅಂತ ಧೈರ್ಯವಾಗಿ ಕಪ್ಪು ಪೆಟ್ಟಿಗೆ ಚುಚ್ಚಿದೆ. ಅದರ ಮೇಲೆ ಹಸಿರು ಅಂಕಿಯಲ್ಲಿ 100 ಅಂತ ಹೊಳೆಯುತ್ತಿತ್ತು. ಲ್ಯಾಪ್‌ಟಾಪ್ ಮಾತ್ರ "ಚಾರ್ಜರ್ ನಿಧಾನ" ಅಂತ ಒಂದು ಸಾಲು ತೋರಿಸಿತು. 22 ಪರ್ಸೆಂಟ್ ಇದ್ದದ್ದು 21 ಆಯಿತು, 20 ಆಯಿತು. ಚಾರ್ಜಿಗೆ ಹಾಕಿಕೊಂಡೇ ಇಳಿಯುತ್ತಿದೆ! ಪವರ್ ಬ್ಯಾಂಕಿನ ಅಂಕಿ ಬಹಳ ಹೊತ್ತು 100ರಲ್ಲೇ ನಿಂತಿತ್ತು. ಆಮೇಲೆ ಒಮ್ಮೆಲೇ 64. ಸ್ವಲ್ಪ ಹೊತ್ತಿಗೆ 31. ಆಮೇಲೆ ಅಂಕಿಯೇ ಇಲ್ಲ, ಆರಿಹೋಯಿತು. ಅತ್ತ ಪೋರ್ಟಲ್ 20ನೇ ತಾರೀಕಿನ ನಡಿಗೆಯಲ್ಲಿ ತೆವಳುತ್ತಾ ಕೊನೆಗೂ ಓಟಿಪಿ ಕಳಿಸಿತು. ಆರು ಅಂಕಿಯಲ್ಲಿ ನಾಲ್ಕು ಹೊಡೆದಿದ್ದೆ, ಪರದೆ ಕಪ್ಪಾಯಿತು.

ಪಕ್ಕದ ಮೆಡಿಕಲ್ ಶಾಪಿನವರ ಇನ್ವರ್ಟರ್‌ಗೆ ಹಾಕಿಕೊಂಡು, ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮೊದಲು ಫೈಲ್ ಮಾಡಿ ಮುಗಿಸಿದೆ. ಅದು ಬಿಡಿ. ನಿಜವಾಗಿ ನನ್ನ ಮರ್ಯಾದೆ ಹೋಗಿದ್ದು ಅದಕ್ಕೂ ಮೊದಲು.

ಸಾಹುಕಾರರು ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಐವತ್ತು ವರ್ಷ ಅಡಿಕೆ ಹಿಡಿದು ತೇವ ಎಷ್ಟಿದೆ ಅಂತ ಹೇಳಿದ ಕೈ ಅದು. "ಎಂತ ಮಾರಾಯ ಇದು, ಇಷ್ಟ್ ಹಗುರ?" ಅಂದರು. ಅಡಿಕೆ ಮಾದರಿ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಮೇಜಿನ ಮೇಲೇ ಇತ್ತು. ಇಟ್ಟರು. 262 ಗ್ರಾಂ. ಆಮೇಲೆ ಡ್ರಾಯರಿನಿಂದ ಅವರ ಮಗನ ಹಳೇ ಪವರ್ ಬ್ಯಾಂಕ್ ತೆಗೆದು ಇಟ್ಟರು, ಅದು 20000ದ್ದು. 412 ಗ್ರಾಂ. 20000ದ್ದು 412, 50000ದ್ದು 262! "ಗೊರಬಲು ಚೀಲಕ್ಕೆ ಸರಕು ಅಂತ ಚೀಟಿ ಹಚ್ಚಿ ಕೊಟ್ಟಿದಾನಲ್ಲೋ ನಿಂಗೆ" ಅಂದರು. ಗೊರಬಲು ಅಂದರೆ ಕಡಿಮೆ ದರ್ಜೆಯ ಅಡಿಕೆ, ಸರಕು ಅಂದರೆ ಮೇಲು ದರ್ಜೆಯದು. ಮಂಡಿಯ ರೈಟರ್ ನಕ್ಕ. ಹಮಾಲರು ನಕ್ಕರು. ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ ಎಲ್ಲರ ಹಲ್ಲೂ ಕಾಣುತ್ತಿತ್ತು.

ಮರುದಿನದಿಂದ ಅಂಗಡಿಯವರ ಉತ್ತರಗಳು. ಒಂದೊಂದೂ ಕೇಳಿ.

ಮೊದಲು ಫೋನಿನಲ್ಲಿ: "ಹೊಸದಲ್ವಾ ಅಣ್ಣಾ, ಎರಡ್ ಮೂರ್ ಸಲ ಫುಲ್ ಚಾರ್ಜ್ ಮಾಡಿ ಖಾಲಿ ಮಾಡಿ, ಸೆಟ್ ಆಗುತ್ತೆ." ಲಿಥಿಯಂ ಬ್ಯಾಟರಿಗೆ ಸೆಟ್ ಆಗೋದು ಅಂತ ಏನೂ ಇಲ್ಲ. ಆದರೂ ಮಾಡಿದೆ. ನನ್ನ ಫೋನು ಒಂದು ಸಲ ಪೂರ್ತಿ ಆಯಿತು, ಎರಡನೇ ಸಲ ಅರ್ಧ ದಾಟಲಿಲ್ಲ.

ನೇರ ಹೋದರೆ: "ನಿಮ್ ಲ್ಯಾಪ್‌ಟಾಪ್ ಹಳೇದು ಸಾರ್." ಲ್ಯಾಪ್‌ಟಾಪ್ ಅದರ ಸ್ವಂತ ಚಾರ್ಜರಿನಲ್ಲಿ ಸರಿಯಾಗಿ ಆಗುತ್ತದೆ ಅಂದೆ. "ಹಾಗಾದ್ರೆ ಕೇಬಲ್ ಪ್ರಾಬ್ಲಂ." ಕೇಬಲ್ ಕೊಟ್ಟಿದ್ದು ನೀವೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರಗೆ ನೋಡಿ, "ಮಳೆಗಾಲ ಸಾರ್, ತಂಡಿಗೆ ಹೀಗಾಗುತ್ತೆ" ಅಂದ. ತಂಡಿಗೆ! ಮಲೆನಾಡಿನವನಿಗೆ ಮಳೆಗಾಲದಲ್ಲಿ ತಂಡಿ ಇರುತ್ತೆ ಅಂತ ಹೇಳಿ ಕಳಿಸುವ ಧೈರ್ಯ ನೋಡಿ.

ತೂಕದ ಮಾತು ಎತ್ತಿದ ಮೇಲೆ ಮಾಲೀಕರೇ ಬಂದರು. "ಹೊಸ ಟೆಕ್ನಾಲಜಿ ಸಾರ್, ಲೈಟ್‌ವೇಟ್. ಈಗ ಎಲ್ಲ ಹಾಗೇ ಬರೋದು." 50000 ಎಲ್ಲಿದೆ ತೋರಿಸಿ ಅಂದೆ. ಡಬ್ಬಿ ಮೇಲೆ ಬೆರಳಿಟ್ಟು "ಇಲ್ಲಿ ಬರ್ದಿದೆಯಲ್ಲ" ಅಂದರು. ನಾನು ಪೆಟ್ಟಿಗೆ ತಿರುಗಿಸಿ ಹಿಂದೆ ತೋರಿಸಿದೆ. ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಬಣ್ಣದಲ್ಲಿ, ಇರುವೆ ಸಾಲಿಗಿಂತ ಸಣ್ಣ ಅಕ್ಷರದಲ್ಲಿ, ರೇಟೆಡ್ ಕೆಪಾಸಿಟಿ (ಅಂದರೆ ನಿಜವಾಗಿ ಹೊರಗೆ ಕೊಡುವುದು) 5800 ಎಂಎಎಚ್ ಅಂತ ಇತ್ತು. ಅದರ ಕೆಳಗೆ ಔಟ್‌ಪುಟ್ 22.5 ವ್ಯಾಟ್. ಮೊಬೈಲ್ ಟಾರ್ಚ್ ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಅದನ್ನು ಓದಿ ಮಾಲೀಕರು ಏನಂದರು ಗೊತ್ತಾ? "ಮತ್ತೆ ಬರ್ದಿದಾರಲ್ಲ ಸಾರ್, ಕಂಪನಿಯವ್ರು ಮೋಸ ಏನೂ ಮಾಡಿಲ್ಲ!" ಮುಂದೆ 50000 ಅಂತ ಇದ್ದರೂ ಸರಿ, ಹಿಂದೆ 5800 ಅಂತ ಇದ್ದರೂ ಸರಿ. ಎರಡಕ್ಕೂ ಅದೇ ಬೆರಳು.

ಈಗ ಲೆಕ್ಕ ಹೇಳುತ್ತೇನೆ, ನನಗೆ ಬರುವುದು ಅದೊಂದೇ. ಒಳಗಿನ ಲಿಥಿಯಂ ಸೆಲ್ 3.7 ವೋಲ್ಟಿನದು, ಫೋನಿಗೆ ಬರುವುದು 5 ವೋಲ್ಟ್. ವೋಲ್ಟ್ ಏರಿಸುವಾಗ ಎಂಎಎಚ್ ಅಂಕಿ ಇಳಿಯುತ್ತದೆ, ಸ್ವಲ್ಪ ಬಿಸಿಯಾಗಿಯೂ ಹೋಗುತ್ತದೆ. ಒಳ್ಳೆಯ ಕಂಪನಿಯ 20000ದ್ದಾದರೂ ಹಿಂದೆ ರೇಟೆಡ್ ಅಂತ ಬರೆಯುವುದು 12000ದ ಆಸುಪಾಸು. ಅದು ಮೋಸ ಅಲ್ಲ, ಅದು ಲೆಕ್ಕ. ಆದರೆ 50000 ಇದ್ದದ್ದು 5800 ಆಗುವುದಿಲ್ಲ. 5800 ಬರಬೇಕಾದರೆ ಒಳಗೆ 10000 ಇದ್ದರೆ ಸಾಕು. ನನ್ನ ಕೈಯಲ್ಲಿದ್ದದ್ದು ಅದೇ. ಇನ್ನು ತೂಕ. ಟಾರ್ಚ್ ಸೆಲ್ ತರಹದ ಉದ್ದ ಲಿಥಿಯಂ ಸೆಲ್ ಒಂದು ಸುಮಾರು 45 ಗ್ರಾಂ ಇರುತ್ತದೆ, ತುಂಬಾ ಒಳ್ಳೆಯದಾದರೆ 3500 ಎಂಎಎಚ್ ಹಿಡಿಯುತ್ತದೆ. 50000 ಆಗಬೇಕಾದರೆ ಹದಿನೈದು ಸೆಲ್ ಬೇಕು. ಬರೀ ಸೆಲ್ಲೇ ಮುಕ್ಕಾಲು ಕಿಲೋ ಹತ್ತಿರ ಹೋಗುತ್ತದೆ. 262 ಗ್ರಾಂ ಅಂದರೆ ಏನು ಹೇಳೋಣ.

ಎರಡನೇದು, ಲ್ಯಾಪ್‌ಟಾಪ್. ನನ್ನದರ ಚಾರ್ಜರ್ 65 ವ್ಯಾಟಿನದು, 20 ವೋಲ್ಟ್. 22.5 ವ್ಯಾಟಿನ ಪೆಟ್ಟಿಗೆಗೆ ಅದನ್ನು ತುಂಬುವ ಶಕ್ತಿಯೇ ಇಲ್ಲ. ಎಂಎಎಚ್ ಎಷ್ಟೇ ಇರಲಿ, ಹಿಂದೆ ಪಿಡಿ (ಪವರ್ ಡೆಲಿವರಿ, ಟೈಪ್ ಸಿಯಲ್ಲಿ ಹೆಚ್ಚು ವ್ಯಾಟ್ ಕೊಡುವ ವಿಧಾನ) ಅಂತ ಇದ್ದು 20 ವೋಲ್ಟ್ ಅಂತ ಬರೆದಿರಬೇಕು, ವ್ಯಾಟ್ ನಿಮ್ಮ ಚಾರ್ಜರಿನ ಹತ್ತಿರ ಇರಬೇಕು. ಟೈಪ್ ಸಿ ತೂತು ಇದ್ದ ಮಾತ್ರಕ್ಕೆ ಲ್ಯಾಪ್‌ಟಾಪ್ ಆಗುವುದಿಲ್ಲ.

ಈಗ ವಿಮಾನದ ಮಾತಿಗೆ ಬರೋಣ. ವಿಮಾನದವರು ನೋಡುವುದು ವ್ಯಾಟ್ ಅವರ್. ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುತ್ತದೆ. 100ರವರೆಗೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಇಲ್ಲವೇ ಇಲ್ಲ. ಚೆಕ್-ಇನ್ ಲಗೇಜಿನಲ್ಲಂತೂ ಯಾವ ಪವರ್ ಬ್ಯಾಂಕನ್ನೂ ಹಾಕುವಂತಿಲ್ಲ. 50000 ನಿಜವಾಗಿದ್ದರೆ 185 ವ್ಯಾಟ್ ಅವರ್, ಗೇಟಿನಲ್ಲೇ ಬಿಟ್ಟು ಹೋಗಬೇಕು. ಅಂದರೆ ಆ ಹುಡುಗ ಹೇಳಿದ ಹಾಗೆ ಎಷ್ಟೋ ಜನ ಒಯ್ದಿದ್ದರೆ ಡಬ್ಬಿ ಮೇಲಿನದು ಸುಳ್ಳು. ಡಬ್ಬಿ ನಿಜವಾದರೆ ಹುಡುಗ ಹೇಳಿದ್ದು ಸುಳ್ಳು. ಇದನ್ನು ಮಾಲೀಕರ ಎದುರಿಗೇ ಹೇಳಿದೆ. "ನಿಮ್ಗೆ ತುಂಬಾ ಗೊತ್ತಿದೆ ಸಾರ್" ಅಂದರು. ವ್ಯಂಗ್ಯ ಬೇರೆ.

ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ಇತ್ತು, ಕೆಳಗೆ ಆರ್ ಅಂತ ಶುರುವಾಗುವ ನಂಬರೂ ಇತ್ತು. ಪವರ್ ಬ್ಯಾಂಕಿಗೆ ಈ ನೋಂದಣಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಲ್ಲಿದೆ, ಯಾವ ಸಾಮಾನಿಗೆ ಅಂತ ತೋರಿಸುತ್ತದೆ. ಹಾಕಿದೆ. ಇನ್ಯಾವುದೋ ಕಂಪನಿ, ಇನ್ಯಾವುದೋ ಸಾಮಾನು. ಇದನ್ನು ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

"ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ" ಅಂತ ಗೋಡೆಗೆ ಬೋರ್ಡ್ ಹಾಕಿದ್ದಾರೆ. ಹಾಕಿಕೊಳ್ಳಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ, ದೋಷ ಇರುವ ಸಾಮಾನು ವಾಪಸ್ ತಗೊಳ್ಳದಿರುವುದೂ ಅನುಚಿತ ವ್ಯಾಪಾರ. ವಾಪಸ್ ಪಡೆಯುವ ಅವಧಿ ಬಿಲ್ಲಿನಲ್ಲಿ ಬರೆದಿಲ್ಲದಿದ್ದರೆ 30 ದಿನ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ದುಡ್ಡು ಯುಪಿಐನಲ್ಲಿ ಕೊಟ್ಟಿದ್ದರಿಂದ ದಾಖಲೆ ಇತ್ತು, ಎಸ್ಟಿಮೇಟ್ ಚೀಟಿಯ ಫೋಟೋವೂ ಇತ್ತು. ಇದು ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ.

ದೂರು ಹೋದ ಮೇಲೆ ಮಾಲೀಕರ ದನಿಯೇ ಬದಲಾಯಿತು. "ನಮ್ಮೂರವ್ರೇ ಆಗಿ ಇಷ್ಟಕ್ಕೆಲ್ಲ ಕಂಪ್ಲೇಂಟ್ ಮಾಡೋದಾ ಸಾರ್? ಬನ್ನಿ, ಅರ್ಧ ದುಡ್ಡು ಕೊಡ್ತೀನಿ, ಜೊತೆಗೊಂದು ಬ್ಲೂಟೂತ್ ಸ್ಪೀಕರ್ ತಗೊಂಡ್ ಹೋಗಿ, ದೂರು ವಾಪಸ್ ತಗೊಳ್ಳಿ." ಸ್ಪೀಕರ್ ತಗೊಂಡು ನಾನು ಏನು ಮಾಡಲಿ, ಜಿಎಸ್‌ಟಿ ಪೋರ್ಟಲ್‌ಗೆ ಹಾಡು ಹಾಕಲಾ? ಪೂರ್ತಿ 1,899 ಬೇಕು ಅಂದಿದ್ದೇನೆ. ಇನ್ನೂ ಬಂದಿಲ್ಲ. ದೂರು ವಾಪಸ್ ತಗೊಂಡಿಲ್ಲ, ತಗೊಳ್ಳುವುದೂ ಇಲ್ಲ.

ನೀವು ಕೊಳ್ಳುವಾಗ ಡಬ್ಬಿಯ ಮುಂಭಾಗ ನೋಡಲೇಬೇಡಿ. ತಿರುಗಿಸಿ ರೇಟೆಡ್ ಕೆಪಾಸಿಟಿ ಓದಿ, ವ್ಯಾಟ್ ಓದಿ, ಆರ್ ನಂಬರನ್ನು ಅಂಗಡಿಯಲ್ಲೇ ನಿಂತು ಆ್ಯಪ್‌ಗೆ ಹಾಕಿ. ಲ್ಯಾಪ್‌ಟಾಪ್‌ಗೆ ಅಂತ ಹೇಳಿದರೆ ಅಲ್ಲೇ ಹತ್ತು ನಿಮಿಷ ಚುಚ್ಚಿಡಿ, ಪರ್ಸೆಂಟ್ ಏರುವುದನ್ನು ಕಣ್ಣಾರೆ ನೋಡಿ. ಕೇಬಲ್ ಎಳೆಯಲು ಬಂದರೆ ಕೈ ಹಿಡಿಯಿರಿ. ಬಿಲ್ ಕೈಗೆ ಬರುವವರೆಗೆ ಸ್ಕ್ಯಾನ್ ಮಾಡಬೇಡಿ.

ಆ ಡಬ್ಬಿಯ ಗುರುತು ಹೇಳಿಬಿಡುತ್ತೇನೆ. ಕಪ್ಪು ಬಣ್ಣ, ಮುಂದೆ ಹಸಿರು ಮಿಂಚಿನ ಚಿತ್ರ, ಒಂದು ಮೂಲೆಯಲ್ಲಿ ಲ್ಯಾಪ್‌ಟಾಪಿನ ಚಿತ್ರ, ಇನ್ನೊಂದು ಮೂಲೆಯಲ್ಲಿ ವಿಮಾನದ ಚಿತ್ರ. ಮೊನ್ನೆ ನಮ್ಮ ಮಂಡಿ ರೈಟರ್ ಅದೇ ಅಂಗಡಿ ಮುಂದೆ ಹೋಗಿದ್ದನಂತೆ. ಶೋಕೇಸಿನಲ್ಲಿ ಇನ್ನೂ ಅದನ್ನೇ ಸಾಲಾಗಿ ಜೋಡಿಸಿಟ್ಟಿದ್ದಾರಂತೆ, ಆಫರ್ ಅಂತ ಬೆಲೆ 1,499ಕ್ಕೆ ಇಳಿಸಿದ್ದಾರಂತೆ.